ಸದಸ್ಯತ್ವ ಬೇಡ, ವಾಪಸಾತಿ ಬೇಕು: ಹೊಸನಗರ ಕಡೆಯಿಂದ ಒಂದು ವಿಮರ್ಶೆ

ಕೊರೊನಾ ಕಾಲದಿಂದ ಒಂದೇ ಶಾಪಿಂಗ್ ಆ್ಯಪ್ ನಮ್ಮನೆಯಲ್ಲಿ. ಯಾವುದು ಅಂತ ಹೇಳೋದಿಲ್ಲ. ಆಫರ್, ಕೂಪನ್ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ನನ್ನ ತಕರಾರು ಸದಸ್ಯತ್ವದ್ದು.

'ನಾಳೆಯೇ ಮನೆಗೆ' ಅಂತ ವರ್ಷದ ದುಡ್ಡು ಕಟ್ಟಿಸಿಕೊಂಡರು. ಆಗ ಪಿನ್‌ಕೋಡ್ ಕೇಳಲಿಲ್ಲ. ಆರ್ಡರ್ ಹಾಕುವಾಗ ನೋಡಿದರೆ ನಮ್ಮೂರಿಗೆ ಆ ಸೌಲಭ್ಯವೇ ಇಲ್ಲ! ರದ್ದು ಮಾಡಲು ಹೋದರೆ 'ಇಷ್ಟೆಲ್ಲ ಲಾಭ ಬಿಡ್ತೀರಾ?' ಅಂತ ಪುಟದ ಮೇಲೆ ಪುಟ. ಕೊನೇ ಪುಟ ತೆರೆಯುವಷ್ಟರಲ್ಲಿ ಕೊಟ್ಟಿಗೆ ಹಿಂದೆ ಸಿಗುತ್ತಿದ್ದ ನೆಟ್‌ವರ್ಕೂ ಮಾಯ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರಲ್ಲಿ ಗ್ರಾಹಕರನ್ನು ಯಾಮಾರಿಸುವ ಇಂಥ 13 ಬಗೆಯ 'ಡಾರ್ಕ್ ಪ್ಯಾಟರ್ನ್'ಗಳನ್ನು ಪಟ್ಟಿ ಮಾಡಿ ನಿಷೇಧಿಸಿದೆ. ಸದಸ್ಯತ್ವದಿಂದ ಹೊರಬರಲು ಬಿಡದಿರುವುದು, 'ಎರಡೇ ಪೀಸ್ ಉಳಿದಿದೆ' ಅಂತ ಸುಳ್ಳು ಅವಸರ ಹುಟ್ಟಿಸುವುದು ಎರಡೂ ಅದರಲ್ಲಿವೆ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟ ಮೇಲೆ ದುಡ್ಡು ಬಂತು.

ಅವರ ದೊಡ್ಡ ಸೇಲ್ ನವರಾತ್ರಿ ಹೊತ್ತಿಗೆ. ನಮಗೆ ಆಗಿನ್ನೂ ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲು ಶುರು. ಸುಲಿದು, ಬೇಯಿಸಿ, ಒಣಗಿಸಿ, ಮಂಡಿಗೆ ಹಾಕಿ ದುಡ್ಡು ಕಾಣುವಾಗ ಸಂಕ್ರಾಂತಿ. ಹಾಗಾಗಿ ರಾತ್ರಿ ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, ಬೇಕೆನಿಸಿದ್ದನ್ನೆಲ್ಲ ಕಾರ್ಟಿಗೆ ತುಂಬಿಡುತ್ತೇನೆ. ತಿಂಗಳು ಬಿಟ್ಟು ತೆಗೆದರೆ ಅರ್ಧಕ್ಕರ್ಧ ಬೇಡವೇ ಬೇಡ. ನಮ್ಮನೆಯವರು ಇದಕ್ಕೆ 'ಖರ್ಚಿಲ್ಲದ ಪೇಟೆ ಸವಾರಿ' ಅಂತಾರೆ.

ಇಷ್ಟಾದರೂ ಆ್ಯಪ್ ಅಳಿಸಿಲ್ಲ. ಪೇಟೆಯಲ್ಲಿ ಎರಡು ರೂಪಾಯಿ ಕಮ್ಮಿಗೇ ಸಿಗಬಹುದು, ಆದರೆ ಗಲ್ಲಾದ ಮೇಲೆ 'ಮಾರಿದ ಮಾಲು ವಾಪಸ್ ಪಡೆಯುವುದಿಲ್ಲ' ಅಂತ ಬೋರ್ಡು. ಕಳೆದ ಮಳೆಗಾಲ ತರಿಸಿದ ಗಮ್‌ಬೂಟ್ ನಮ್ಮನೆಯವರ ಕಾಲಿಗೆ ಬಿಗಿಯಾಯ್ತು. ಬದಲಿಸಿಕೊಡಿ ಅಂತ ಆ್ಯಪ್‌ನಲ್ಲಿ ಹಾಕಿದೆ. ಡೆಲಿವರಿ ಹುಡುಗ ಫೋನ್ ಮಾಡಿದ: "ಅಕ್ಕಾ, ಹಳ್ಳ ಉಕ್ಕಿದೆ, ಬೈಕ್ ದಾಟಲ್ಲ. ಸೊಸೈಟಿ ಹತ್ರ ಬರ್ತೀರಾ?" ಹೋದೆ. ಗೊಬ್ಬರದ ಖಾಲಿ ಚೀಲದೊಳಗಿಂದ ಒಂದು ಹನಿ ನೀರು ತಾಗದ ಹೊಸ ಜೋಡಿ ತೆಗೆದು ಕೊಟ್ಟ. ಹಳೆಯದರ ಅಟ್ಟೆಗೆ ಹತ್ತಿದ ಕೆಸರನ್ನು ತಾನೇ ಒರೆಸಿ, ಫೋಟೊ ತೆಗೆದು, ಅದೇ ಚೀಲಕ್ಕೆ ತುಂಬಿಕೊಂಡ. ಒಂದು ಪೈಸೆ ಕೇಳಲಿಲ್ಲ. ನಾನು ಮತ್ತೆ ಆರ್ಡರ್ ಹಾಕುವುದು ಈ ಧೈರ್ಯದ ಮೇಲೆ.

ವಾಪಸಾತಿಗೆ ಐದು ಸ್ಟಾರ್. ಸದಸ್ಯತ್ವಕ್ಕೆ ಒಂದೂ ಹೆಚ್ಚೇ. ಅಡಿಕೆ ಗೊನೆ ಇಳಿಸುವ ಉದ್ದದ ಫೈಬರ್ ದೋಟಿ ಮಾತ್ರ ಇಲ್ಲಿ ತರಿಸಲ್ಲ. ಅದನ್ನು ಸಾಗರದ ಅಂಗಡಿಯಲ್ಲಿ ಕೈಯಲ್ಲಿ ಎತ್ತಿ, ಬಾಗಿಸಿ ನೋಡಿಯೇ ತಗೊಳ್ಳೋದು.