ಮೊದಲ ಹ್ಯಾಮ್ ಸೆಟ್: ಹ್ಯಾಂಡಿಯೋ, ಎಚ್‌ಎಫ್ಫೋ?

ಹ್ಯಾಮ್ ಅಂದರೆ ಹವ್ಯಾಸಿ ರೇಡಿಯೋದ ಲೈಸೆನ್ಸ್ ಬಂತು. ಕೈಯಲ್ಲಿರುವ ದುಡ್ಡು ಒಂದೇ ಸೆಟ್ಟಿಗೆ. ಯಾವುದು?

ಹ್ಯಾಂಡಿ, ಅಂದರೆ ವಾಕಿಟಾಕಿಯಂಥ ಕೈ ಸೆಟ್, ಅಗ್ಗ, ಜೇಬಿಗೆ ಹಿಡಿಯುತ್ತದೆ. 144ರಿಂದ 146 ಮೆಗಾಹರ್ಟ್ಸ್‌ನ ಅಲೆ ಹೆಚ್ಚುಕಡಿಮೆ ನೇರ ಹೋಗುತ್ತದೆ, ಗುಡ್ಡ ಅಡ್ಡ ಬಂದರೆ ಮುಗಿಯಿತು. ನಮ್ಮ ಬದಿಯಡ್ಕದ ಕಡೆ ಮನೆಗಳಿರುವುದೇ ತಗ್ಗಿನಲ್ಲಿ, ತೋಟದ ಪಕ್ಕ ಅಲ್ವಾ? ಪೊಸಡಿಗುಂಪೆ ಗುಡ್ಡ ಹತ್ತಿದರೆ ಮಾತ್ರ ಮಜಾ.

ಎಚ್‌ಎಫ್‌ಗೆ, ಅಂದರೆ ಶಾರ್ಟ್‌ವೇವ್ ಅಲೆಗಳ ಸೆಟ್ಟಿಗೆ, ದುಡ್ಡು ಜಾಸ್ತಿ. ಆದರೆ 7 ಮೆಗಾಹರ್ಟ್ಸ್ ಅಲೆ ಆಕಾಶದ ಅಯಾನುಗೋಳದವರೆಗೆ (ವಿದ್ಯುತ್ ಕಣಗಳಿರುವ ಪದರ) ಹೋಗಿ ಬಾಗಿ ವಾಪಸ್ ಬರುತ್ತದೆ, ಗುಡ್ಡದ ಹಂಗಿಲ್ಲ. ಆಂಟೆನಾಗೆ ಸುಮಾರು 20 ಮೀಟರ್ ತಂತಿ, ಅದರ ನಡುವಿನಿಂದ ಸೆಟ್ಟಿಗೆ ಕೇಬಲ್, ಎರಡು ತುದಿಗೆ ಎರಡು ಅಡಿಕೆ ಮರ. ಬಿಗಿದು ಕಟ್ಟಬೇಡಿ. ಗಾಳಿಗೆ ಮರ ತೂಗಿ ನನ್ನ ತಂತಿ ತುಂಡಾಗಿತ್ತು. ದೀಪಾವಳಿ ಹೊತ್ತಿನ ಗುಡುಗಿಗೆ ಮೊದಲೇ ಕೇಬಲ್ ಕಳಚಿಡಿ.

ತೋಟವಿದ್ದರೆ ನನ್ನ ವೋಟು ಎಚ್‌ಎಫ್‌ಗೆ. ಕಾಸರಗೋಡು ಪೇಟೆಯ ಬಾಡಿಗೆ ಮನೆಯಾದರೆ ಸುಮ್ನೆ ಹ್ಯಾಂಡಿ ತಗೊಳ್ಳಿ.