ಕರೆಂಟ್ ಕೊಡಿಸಿದ ಕಿವಿಗೆ ಕಿವಿಹಿಂದಿನ ಮಷಿನ್ನೇ ಸರಿ

ಮೂಗಿನ ಹಿಂಭಾಗ ಅಥವಾ ಕೆನ್ನೆಯ ಜೊಲ್ಲುಗ್ರಂಥಿಯ ಕ್ಯಾನ್ಸರಿಗೆ ಕರೆಂಟ್ (ರೇಡಿಯೇಷನ್ ಚಿಕಿತ್ಸೆ) ಕೊಡಿಸಿಕೊಂಡು ಕಿವಿ ಮಂದವಾದವರು ದಾವಣಗೆರೆಯ ಅಂಗಡಿಗಳಲ್ಲಿ ಕಿವಿಯೊಳಗೆ ಅಡಗುವ ಪುಟ್ಟ ಹಿಯರಿಂಗ್ ಮಷಿನ್ ಕೇಳುತ್ತಾರೆ. ಅದು ಬೇಡ. ರೇಡಿಯೇಷನ್ ಬಿದ್ದ ಕಿವಿನಾಳದ ಚರ್ಮ ಒಣಗಿ ತೆಳುವಾಗಿರುತ್ತದೆ. ಸಿಪ್ಪೆ, ಗುಗ್ಗೆ ಗಟ್ಟಿಯಾಗಿ ಕೂರುತ್ತವೆ. ರಕ್ತಸಂಚಾರ ಕಡಿಮೆಯಾದ್ದರಿಂದ ತರಚಿದ ಗಾಯ ಬೇಗ ಮಾಯುವುದಿಲ್ಲ. ಕೆಲವರಲ್ಲಿ ಒಳಗಿನ ಎಲುಬೇ ಬಯಲಾಗುತ್ತದೆ.

ಇಂಥ ಕಿವಿಗೆ ಕಿವಿಯ ಹಿಂದೆ ಕೂರುವ, ತೆಳು ನಳಿಗೆಯ ಡಿಜಿಟಲ್ ಮಷಿನ್ ಒಳ್ಳೆಯದು. ಸ್ಪೀಕರ್ ನಾಳದೊಳಗೆ ಇಳಿಯುವ ಮಾದರಿಯಲ್ಲಿ ಸಿಪ್ಪೆ ಹೊಕ್ಕರೆ ಸ್ಪೀಕರನ್ನೇ ಬದಲಿಸಬೇಕಾಗಬಹುದು. ನಳಿಗೆಯನ್ನಾದರೆ ಬಿಚ್ಚಿ ಎಳೆ ತೂರಿಸಿದರೆ ಸಾಕು. ತುದಿಗೆ ರಂಧ್ರವಿರುವ ಮೆತ್ತನೆಯ ಸಿಲಿಕೋನ್ ಡೋಮ್ (ಟೊಪ್ಪಿಗೆಯಂಥ ತುದಿ) ಇರಲಿ. ಕೊರತೆ ಹೆಚ್ಚಿದ್ದು ಕಿವಿಯ ಅಚ್ಚು ತೆಗೆದು ಮಾಡುವ ಮೋಲ್ಡ್ ಬೇಕೇ ಬೇಕೆಂದರೆ ಅದೂ ಮೆತ್ತನೆಯದೇ, ಗಾಳಿರಂಧ್ರ ಸಹಿತ.

ಆದರೆ ಮಷಿನ್ನಿಗೆ ದುಡ್ಡು ಕಟ್ಟುವ ಮೊದಲು ಮಂದವಾಗಿದ್ದೇಕೆ ಎಂದು ತಿಳಿಯಿರಿ. ಮೂಗಿನಿಂದ ಕಿವಿಗೆ ಹೋಗುವ ಕೊಳವೆ ಕಟ್ಟಿ ತಮಟೆಯ ಹಿಂದೆ ನೀರು ನಿಂತಿದ್ದರೆ ತಮಟೆಯ ಅಲುಗಾಟ ಅಳೆಯುವ ಟಿಂಪನೋಗ್ರಾಮ್ ಪರೀಕ್ಷೆಯ ಗೆರೆ ಚಪ್ಪಟೆಯಾಗಿ ಬರುತ್ತದೆ. ಅದು ಮೊದಲು ಇಎನ್‌ಟಿ ವೈದ್ಯರ ಕೆಲಸ. ಅಲ್ಲೂ ನಿಧಾನಿಸಬೇಕು: ಈ ಕಿವಿಗಳಲ್ಲಿ ನೀರಿಳಿಸಲು ತಮಟೆಗೆ ಗ್ರಾಮೆಟ್ ಎಂಬ ಪುಟ್ಟ ನಳಿಕೆ ಹಾಕಿದರೆ ತಿಂಗಳುಗಟ್ಟಲೆ ಸೋರುವುದುಂಟು. ಸೋರುವ ಕಿವಿಗೆ ಏನನ್ನೂ ತುರುಕಬಾರದು. ತಲೆಬುರುಡೆಯ ಎಲುಬಿನ ಮೂಲಕ ಶಬ್ದ ಮುಟ್ಟಿಸುವ, ತಲೆಪಟ್ಟಿಯ ಎಲುಬುವಾಹಕ ಮಷಿನ್ ನೋಡಿ.

ಒಳಕಿವಿಯಲ್ಲಿ ಶಬ್ದ ಗ್ರಹಿಸುವ ಕಾಕ್ಲಿಯಾವೇ ಪೆಟ್ಟು ತಿಂದಿದ್ದರೆ ಕೊರತೆ ಶಾಶ್ವತ. ಚಿಕಿತ್ಸೆ ಮುಗಿದು ತಿಂಗಳುಗಳೋ ವರ್ಷಗಳೋ ಆದ ಮೇಲೆ ಕಾಣಿಸಿಕೊಳ್ಳಬಹುದು, ಸಿಸ್‌ಪ್ಲಾಟಿನ್ ಕೀಮೋ ಜೊತೆಗಿದ್ದರೆ ಇನ್ನೂ ಜಾಸ್ತಿ. ಮೊದಲು ಹೋಗುವುದು 4000ರಿಂದ 8000 ಹರ್ಟ್ಸ್‌ನ ತೆಳುದನಿಗಳು. ಮಾತು ಕೇಳಿಸುತ್ತದೆ, ಆದರೆ ‘ಸೇರು’ ಎಂದರೋ ‘ತೇರು’ ಎಂದರೋ ಗೊತ್ತಾಗುವುದಿಲ್ಲ. ಇಲ್ಲಿ ಒಟ್ಟಾರೆ ವಾಲ್ಯೂಮ್ ಏರಿಸಿದರೆ ಬಸ್ಸಿನ ಗುರುಗುರು ಮಾತ್ರ ಜೋರಾಗುತ್ತದೆ. ಕಿವಿಪರೀಕ್ಷೆಯ ನಕ್ಷೆಯಾದ ಆಡಿಯೋಗ್ರಾಮ್‌ಗೆ ತಕ್ಕಂತೆ ಪ್ರೋಗ್ರಾಂ ಮಾಡಿ, ಕಿವಿಯೊಳಗೆ ಸಣ್ಣ ಕೊಳವೆಯಿಟ್ಟು ಮಷಿನ್ನಿನ ಶಬ್ದ ಅಳೆದು ತೋರಿಸುವ ಆಡಿಯಾಲಜಿಸ್ಟ್ (ಶ್ರವಣತಜ್ಞ) ಬಳಿಯೇ ಹೋಗಿ. ಟ್ರಯಲ್‌ಗೆ ಕೊಟ್ಟರೆ ಅಂಗಡಿಯ ಮೌನದಲ್ಲಿ ಪರೀಕ್ಷಿಸಿ ಪ್ರಯೋಜನವಿಲ್ಲ. ಬೆಣ್ಣೆದೋಸೆ ಹೋಟೆಲ್‌ನಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತು ಎದುರಿನವರ ಮಾತು ಕೇಳಿ ನೋಡಿ. ಕೊರತೆ ಮುಂದುವರಿಯಬಹುದಾದ್ದರಿಂದ ಶಕ್ತಿ ಏರಿಸಲು ಆಸ್ಪದವಿರುವ ಮಾದರಿಯನ್ನೇ ಆರಿಸಿ, 6 ತಿಂಗಳಿಗೊಮ್ಮೆ ಮರುಪರೀಕ್ಷೆ ಮಾಡಿಸಿ.

ಬ್ಯಾಟರಿ ಕಿತ್ತಳೆ ಪಟ್ಟಿಯ 13ನೇ ನಂಬರಿನದಾದರೆ ಅನುಕೂಲ. ಸಿಸ್‌ಪ್ಲಾಟಿನ್‌ನಿಂದ ಬೆರಳತುದಿ ಜೋಮು ಹಿಡಿದವರಿಗೆ ಕಂದು ಪಟ್ಟಿಯ ಪುಟ್ಟ 312 ಬೆರಳಿಗೆ ಹಿಡಿತ ಸಿಗುವುದಿಲ್ಲ. ಪಟ್ಟಿ ಕಿತ್ತು ಒಂದು ನಿಮಿಷ ಗಾಳಿಗಿಟ್ಟು ಹಾಕಿ. ಇಲ್ಲಿನ ಬೇಸಿಗೆ ಬೆವರಿಗೆ ರಾತ್ರಿ ಬ್ಯಾಟರಿ ಬಾಗಿಲು ತೆರೆದು ಸಿಲಿಕಾ ಜೆಲ್ ಡಬ್ಬಿಯಲ್ಲಿಡಿ.

ಖರ್ಚು ಭಾರವಾದವರು ದಾವಣಗೆರೆಯಲ್ಲೇ ಇರುವ ಕೇಂದ್ರ ಸರ್ಕಾರದ ಸಿಆರ್‌ಸಿಯಲ್ಲಿ (ಅಂಗವಿಕಲರ ಪುನರ್ವಸತಿ ಕೇಂದ್ರ) ವಿಚಾರಿಸಿ. ಅಂಗವಿಕಲರಿಗೆ ಸಾಧನ ಕೊಡುವ ಎಡಿಪ್ ಯೋಜನೆಗೆ ಶೇ. 40ರ ಅಂಗವೈಕಲ್ಯ ಪ್ರಮಾಣಪತ್ರ ಮತ್ತು ಆದಾಯ ಪತ್ರ ಬೇಕು. ಮಷಿನ್ ಹಾಕಿದ ಮೇಲೆ ನೋವು, ರಕ್ತ ಅಥವಾ ವಾಸನೆ ಕಂಡರೆ ಅವತ್ತೇ ತೆಗೆದಿಟ್ಟು ಇಎನ್‌ಟಿ ವೈದ್ಯರಿಗೆ ತೋರಿಸಿ, ರೇಡಿಯೇಷನ್ ಆಗಿದೆ ಎಂಬುದನ್ನು ಮೊದಲೇ ಹೇಳಿ.