ಬ್ಲ್ಯಾಕ್ ಬಾಕ್ಸ್: ದೆವ್ವ ಪರವಾಗಿಲ್ಲ, ಭಯ ಆಗುವುದು ಡಾಕ್ಟರನ್ನು ನೋಡಿ

‘ಬ್ಲ್ಯಾಕ್ ಬಾಕ್ಸ್’ನಲ್ಲಿ ದೆವ್ವದ ಥರದ್ದು ಒಂದಿದೆ. ಮೈ ಹಿಂದಕ್ಕೆ ಬಾಗಿಸಿಕೊಂಡು, ಮೂಳೆ ಲಟಲಟ ಅನ್ನಿಸುತ್ತಾ, ನಾಲ್ಕು ಕಾಲಲ್ಲಿ ತೆವಳಿಕೊಂಡು ಬರುತ್ತದೆ. ಟ್ರೈಲರ್ ತುಂಬಾ ಅದೇ. ಮೊದಲ ಸಲ ಬಂದಾಗ ಸ್ವಲ್ಪ ಎದೆ ಝಲ್ ಅನ್ನುತ್ತದೆ, ಮೂರನೇ ಸಲ ಬರುವ ಹೊತ್ತಿಗೆ ‘ಬಂದ್ಯಾ ಮಾರಾಯ, ಬಾ’ ಅನ್ನುವ ಹಾಗೆ ಆಗುತ್ತದೆ. ಆದರೆ ಅದೇ ಚಿತ್ರದಲ್ಲಿ ಬಿಳಿ ಕೋಟು ಹಾಕಿಕೊಂಡು, ಮೆಲ್ಲಗೆ ಮಾತಾಡುತ್ತಾ, ‘ನಾನಿದ್ದೇನೆ, ನಿನಗೇನೂ ಆಗಲ್ಲ’ ಅನ್ನುವ ಡಾಕ್ಟರಮ್ಮ ಒಬ್ಬರಿದ್ದಾರಲ್ಲ, ಅವರು ಬಾಯಿ ತೆರೆದಾಗಲೆಲ್ಲ ನನಗೆ ಜಾಸ್ತಿ ಭಯ ಆಯಿತು. ಚಿತ್ರ ಗೆದ್ದಿದ್ದು ಅಲ್ಲಿ. ಸೋತಿದ್ದೂ ಅಲ್ಲೇ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಇದು 2020ರ ಅಕ್ಟೋಬರ್ 6ರಂದು ನೇರವಾಗಿ ಪ್ರೈಮ್ ವಿಡಿಯೊಗೆ ಬಂದ ಅಮೆರಿಕದ ಚಿತ್ರ. ಹಾರರ್ ಚಿತ್ರಗಳಿಗೆ ಹೆಸರಾದ ಬ್ಲಮ್‌ಹೌಸ್ ಕಂಪನಿ ಆ ತಿಂಗಳು ‘ವೆಲ್ಕಮ್ ಟು ದ ಬ್ಲಮ್‌ಹೌಸ್’ ಅಂತ ನಾಲ್ಕು ಚಿತ್ರಗಳನ್ನು ಬಿಟ್ಟಿತು, ಅದರಲ್ಲಿ ಇದೂ ಒಂದು. ನಿರ್ದೇಶಕ ಇಮ್ಯಾನುಯೆಲ್ ಓಸೇ-ಕುಫೋರ್, ಇದು ಅವರ ಮೊದಲ ಪೂರ್ಣಪ್ರಮಾಣದ ಚಿತ್ರ. ಸುಮಾರು ಒಂದು ಗಂಟೆ ನಲವತ್ತು ನಿಮಿಷ. ಹಾಡಿಲ್ಲ, ಕುಣಿತ ಇಲ್ಲ, ದೊಡ್ಡ ಸೆಟ್ ಇಲ್ಲ. ಒಂದು ಮನೆ, ಒಂದು ಆಸ್ಪತ್ರೆ ರೂಮು, ಒಬ್ಬ ಮನುಷ್ಯನ ತಲೆಯ ಒಳಗು, ಇಷ್ಟೇ ಜಾಗ.

ಕಥೆ ಹೀಗೆ. ನೋಲನ್ ಅನ್ನುವ ಫೋಟೊಗ್ರಾಫರ್. ಕಾರು ಅಪಘಾತದಲ್ಲಿ ಹೆಂಡತಿ ಹೋಗಿದ್ದಾಳೆ, ಇವನು ಬದುಕಿದ್ದಾನೆ, ಆದರೆ ನೆನಪು ಹೋಗಿದೆ. ಮನೆಯಲ್ಲಿ ಏವಾ ಅಂತ ಪುಟ್ಟ ಮಗಳಿದ್ದಾಳೆ. ಅಪ್ಪನನ್ನು ಎಬ್ಬಿಸುವುದು, ತಿಂಡಿ ನೋಡಿಕೊಳ್ಳುವುದು, ಯಾರ ಹೆಸರು ಏನು, ಇಂಟರ್‌ವ್ಯೂನಲ್ಲಿ ಹೇಗೆ ಮಾತಾಡಬೇಕು ಅಂತ ಹೇಳಿಕೊಡುವುದು ಎಲ್ಲ ಅವಳೇ. ಮನೆ ತುಂಬಾ ಚೀಟಿ. ಅಷ್ಟಿದ್ದರೂ ಅವನು ಮಗಳನ್ನು ಶಾಲೆಯಿಂದ ಕರೆದುಕೊಂಡು ಬರುವುದನ್ನೇ ಮರೆಯುತ್ತಾನೆ. ಹಳೇ ಕೆಲಸಕ್ಕೆ ಹೋದರೆ ಇವನ ಹೊಸ ಫೋಟೊಗಳು ಅಲ್ಲಿ ಯಾರಿಗೂ ಹಿಡಿಸುವುದಿಲ್ಲ.

ಈ ಮೊದಲ ಅರ್ಧ ಗಂಟೆ ನಿಜಕ್ಕೂ ಚೆನ್ನಾಗಿದೆ. ಮಾಮೂಡು ಅಥೀ ಅನ್ನುವ ನಟ ನೋಲನ್ ಆಗಿದ್ದಾನೆ. ಮೌರಿಟೇನಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದವನು, ಆಮೇಲೆ ‘ಆರ್ಕೈವ್ 81’ ಸರಣಿಯಲ್ಲೂ ಮಾಡಿದ್ದಾನೆ, ‘ಎಲಿಮೆಂಟಲ್’ ಕಾರ್ಟೂನ್ ಚಿತ್ರದ ನೀರಿನ ಹುಡುಗನ ದನಿಯೂ ಇವನದೇ. ನೆನಪು ಹೋದವನ ಪಾತ್ರ ಅಂದರೆ ಸಾಮಾನ್ಯವಾಗಿ ನಟರು ತಲೆ ಹಿಡಿದುಕೊಂಡು ಕಿರುಚುತ್ತಾರೆ. ಇವನು ಹಾಗೆ ಮಾಡುವುದಿಲ್ಲ. ಎದುರಿಗಿರುವವರು ನಕ್ಕರೆ ಅರ್ಧ ಸೆಕೆಂಡು ತಡವಾಗಿ ನಗುತ್ತಾನೆ, ಅಷ್ಟೇ. ಇವರು ನನಗೆ ಗೊತ್ತಿರಬೇಕು, ಆದರೆ ಗೊತ್ತಿಲ್ಲ, ಅದು ಅವರಿಗೆ ಗೊತ್ತಾಗಬಾರದು ಅನ್ನುವ ಸಂಕಟ ಆ ನಗೆಯಲ್ಲೇ ಕಾಣುತ್ತದೆ. ಮಗಳ ಪಾತ್ರದ ಹುಡುಗಿ ಅಮಾಂಡಾ ಕ್ರಿಸ್ಟೀನ್ ಕೂಡ ಅಷ್ಟೇ, ಸಿನಿಮಾ ಮಕ್ಕಳ ಥರ ದೊಡ್ಡವರ ಡೈಲಾಗ್ ಹೊಡೆಯದೆ, ಸುಸ್ತಾದ ಮಗುವಿನ ಹಾಗೇ ಇದ್ದಾಳೆ. ಇಡೀ ಚಿತ್ರ ಈ ಇಬ್ಬರದೇ ಆಗಿದ್ದರೂ ನಾನು ನೋಡುತ್ತಿದ್ದೆ.

ಆಮೇಲೆ ಡಾಕ್ಟರ್ ಲಿಲಿಯನ್ ಬ್ರೂಕ್ಸ್ ಬರುತ್ತಾರೆ. ನಟಿ ಫಿಲಿಶಿಯಾ ರಶಾದ್. ‘ದ ಕಾಸ್ಬಿ ಶೋ’ ನೋಡಿದವರಿಗೆ ಮುಖ ಗೊತ್ತಿರುತ್ತದೆ, ಆ ಮನೆಯ ತಾಯಿ ಇವರೇ. ಎಂಟು ವರ್ಷ ಅಮೆರಿಕದವರು ಟಿವಿಯಲ್ಲಿ ನೋಡಿ ನೆಚ್ಚಿಕೊಂಡ ತಾಯಿಯ ಮುಖವನ್ನು ಇಂಥ ಪಾತ್ರಕ್ಕೆ ತಂದು ಕೂರಿಸಿದ್ದು ಒಳ್ಳೇ ಐಡಿಯಾ. ಅವರು ನೋಲನ್‌ಗೆ ಸಮ್ಮೋಹನ ಮಾಡಿ, ಕಣ್ಣಿಗೆ ವಿಆರ್ ಕನ್ನಡಕದ (ಹಾಕಿಕೊಂಡರೆ ಬೇರೆಯದೇ ಲೋಕದೊಳಗೆ ಇದ್ದ ಹಾಗೆ ಕಾಣುತ್ತದಲ್ಲ, ಅದು) ಥರದ ಒಂದು ಯಂತ್ರ ಕಟ್ಟಿ, ನಿನ್ನ ನೆನಪಿನ ಒಳಗೇ ಹೋಗಿ ನೋಡು ಅನ್ನುತ್ತಾರೆ. ಹೋಗುತ್ತಾನೆ. ಅಲ್ಲಿ ತನ್ನ ಮದುವೆ ನಡೆಯುತ್ತಿದೆ, ಆದರೆ ಯಾರಿಗೂ ಮುಖ ಇಲ್ಲ, ಎಲ್ಲ ಮಸುಕು. ಅಲ್ಲಿಂದ ಆ ಮೂಳೆ ಮುರುಕ ಬೆನ್ನು ಹತ್ತುತ್ತಾನೆ. (ಅದು ಗ್ರಾಫಿಕ್ಸ್ ಅಂದುಕೊಂಡಿದ್ದರೆ ಅಲ್ಲ, ಟ್ರಾಯ್ ಜೇಮ್ಸ್ ಅನ್ನುವ ಕಲಾವಿದ ನಿಜವಾಗಿಯೂ ಹಾಗೆ ಮೈ ತಿರುಗಿಸುತ್ತಾನೆ. ‘ಅಮೆರಿಕಾಸ್ ಗಾಟ್ ಟ್ಯಾಲೆಂಟ್’ನಲ್ಲೂ ಬಂದಿದ್ದ.)

ನೆನಪಿನ ವಿಷಯದಲ್ಲಿ ಚಿತ್ರ ಸ್ವಲ್ಪ ಕಲಬೆರಕೆ. ತಲೆಗೆ ಪೆಟ್ಟು ಬಿದ್ದವರಿಗೆ ಸಾಮಾನ್ಯವಾಗಿ ಹೋಗುವುದು ಅಪಘಾತದ ಆಸುಪಾಸಿನ ನೆನಪು, ಜೊತೆಗೆ ಹೊಸದನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಕುಂದುತ್ತದೆ. ತಾನು ಯಾರು ಅನ್ನುವುದೇ ಪೂರ್ತಿ ಅಳಿಸಿಹೋಗುವುದು ಸಿನಿಮಾದಲ್ಲಿ ಜಾಸ್ತಿ, ಆಸ್ಪತ್ರೆಯಲ್ಲಿ ಬಹಳ ಕಡಿಮೆ. ವೈದ್ಯಕೀಯ ಪುಸ್ತಕಗಳಲ್ಲಿ ಎಚ್‌.ಎಂ. ಅಂತಲೇ ಪ್ರಸಿದ್ಧನಾದ ಹೆನ್ರಿ ಮೊಲೈಸನ್‌ಗೆ 1953ರಲ್ಲಿ ಮೂರ್ಛೆರೋಗಕ್ಕೆಂದು ಮಿದುಳಿನ ಎರಡೂ ಬದಿಯಿಂದ, ಹೊಸ ನೆನಪು ಕಟ್ಟಲು ಬೇಕಾದ ಹಿಪೊಕ್ಯಾಂಪಸ್ ಭಾಗವನ್ನು ಕತ್ತರಿಸಿ ತೆಗೆದರು. ಆಗಿನ ಕಾಲಕ್ಕೆ ಅದೂ ಒಂದು ಪ್ರಯೋಗವೇ. ಮೂರ್ಛೆ ಕಡಿಮೆಯಾಯಿತು, ಆದರೆ ಆಗ 27 ವರ್ಷದವನಾಗಿದ್ದ ಅವನು 2008ರಲ್ಲಿ ಸಾಯುವವರೆಗೂ ಹೊಸ ನೆನಪು ಕಟ್ಟಿಕೊಳ್ಳಲು ಆಗಲಿಲ್ಲ. ಆದರೂ ತನ್ನ ಹೆಸರು, ಬಾಲ್ಯ, ಅಪ್ಪ ಅಮ್ಮ ಯಾರು ಅನ್ನುವುದೆಲ್ಲ ಅವನಿಗೆ ಗೊತ್ತಿತ್ತು. ನೋಲನ್‌ಗೆ ಹಳೆಯದೂ ಇಲ್ಲ, ಹೊಸದೂ ನಿಲ್ಲುವುದಿಲ್ಲ, ಆದರೆ ಕಥೆಗೆ ಬೇಕಾದಾಗ ಎಲ್ಲ ಸರಿಯಾಗಿ ನೆನಪಿರುತ್ತದೆ. ಅಂಥ ಕಡೆ ಕಣ್ಣು ಮುಚ್ಚಿಕೊಳ್ಳಬೇಕು.

ಸಮ್ಮೋಹನದ ಜಾಗದಲ್ಲಿ ಮಾತ್ರ ಚಿತ್ರಕ್ಕೆ ಒಂದು ಒಳ್ಳೇ ಅವಕಾಶ ಇತ್ತು, ಕೈ ಬಿಟ್ಟಿದ್ದಾರೆ. ಮಸುಕು ಮುಖಗಳಿಗೆ ಡಾಕ್ಟರ್ ಹೇಳಿದ ಹಾಗೆ ಮುಖ ಕೂರಿಸಿಕೊಳ್ಳುತ್ತಾ ಹೋದರೆ ಅದು ನೆನಪೋ ಕಟ್ಟುಕಥೆಯೋ? 1974ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ ಒಂದು ಕಾರು ಡಿಕ್ಕಿಯ ವಿಡಿಯೊ ತೋರಿಸಿ ಪ್ರಶ್ನೆ ಕೇಳಿದ್ದರು. ಕಾರುಗಳು ‘ತಾಗಿದಾಗ’ ಎಷ್ಟು ವೇಗ ಇತ್ತು ಅಂತ ಕೆಲವರಿಗೆ, ‘ಅಪ್ಪಳಿಸಿದಾಗ’ ಎಷ್ಟು ವೇಗ ಇತ್ತು ಅಂತ ಇನ್ನು ಕೆಲವರಿಗೆ. ವಾರದ ಮೇಲೆ ಒಡೆದ ಗಾಜು ನೋಡಿದಿರಾ ಅಂತ ಕೇಳಿದರೆ, ಮೊದಲ ಗುಂಪಿನ 50 ಜನರಲ್ಲಿ 7 ಜನ ಹೌದು ಅಂದರು, ಎರಡನೇ ಗುಂಪಿನ 50ರಲ್ಲಿ 16 ಜನ. ವಿಡಿಯೊದಲ್ಲಿ ಗಾಜು ಒಡೆದೇ ಇರಲಿಲ್ಲ. ಕೇಳಿದ ರೀತಿಗೇ ನೆನಪು ಇಷ್ಟು ಬದಲಾಗುತ್ತದೆ ಅಂದರೆ, ಅರೆನಿದ್ದೆಯಲ್ಲಿರುವ, ಏನೂ ನೆನಪಿಲ್ಲದ ಮನುಷ್ಯನ ಕಿವಿಯಲ್ಲಿ ಡಾಕ್ಟರ್ ಪಿಸುಗುಟ್ಟಿದರೆ ಏನಾಗಬೇಡ! ಈ ಅನುಮಾನವನ್ನು ಇನ್ನಷ್ಟು ಬೆಳೆಸಿದ್ದರೆ ಆ ಮೂಳೆ ಮುರುಕನ ಅಗತ್ಯವೇ ಇರಲಿಲ್ಲ, ಅಲ್ವಾ?

ಇಲ್ಲಿಂದ ಮುಂದೆ ಗುಟ್ಟು ಬಿಟ್ಟುಕೊಡುತ್ತೇನೆ. ಚಿತ್ರ ನೋಡದವರು ಕೊನೆಯ ಎರಡು ಪ್ಯಾರಾಗೆ ಹಾರಿ.

ನೋಲನ್ ನೋಡುವ ನೆನಪುಗಳಲ್ಲಿ ಒಬ್ಬ ಹೆಂಗಸು ಪೆಟ್ಟು ತಿಂದಿದ್ದಾಳೆ. ನಾನು ಹೆಂಡತಿಗೆ ಹೊಡೆಯುವವನಾಗಿದ್ದೆನಾ ಅಂತ ಅವನು ಗೆಳೆಯ ಗ್ಯಾರಿಯನ್ನು ಕೇಳುತ್ತಾನೆ. ಛೆ, ಇಲ್ಲವೇ ಇಲ್ಲ ಅನ್ನುತ್ತಾನೆ ಅವನು. ಸರಿ, ಹಾಗಾದರೆ ಇದು ಯಾರ ನೆನಪು? ಉತ್ತರ: ದೇಹ ನೋಲನ್‌ದು, ಒಳಗಿರುವವನು ಥಾಮಸ್, ಡಾಕ್ಟರಮ್ಮನ ಸತ್ತುಹೋದ ಮಗ. ಅಪಘಾತದ ನಂತರ ಮಿದುಳು ನಿಷ್ಕ್ರಿಯ ಅನ್ನಿಸಿಕೊಂಡಿದ್ದ ನೋಲನ್ ತಲೆಗೆ, ಕಂಪ್ಯೂಟರಲ್ಲಿ ಉಳಿಸಿಟ್ಟುಕೊಂಡಿದ್ದ ಮಗನ ಪ್ರಜ್ಞೆಯನ್ನು ಹಳೇ ಮೊಬೈಲಿನಿಂದ ಹೊಸ ಮೊಬೈಲಿಗೆ ಡೇಟಾ ಹಾಕಿದ ಹಾಗೆ ಹಾಕಿಬಿಟ್ಟಿದ್ದಾರೆ. ಹೆಂಡತಿಗೆ ಹೊಡೆಯುತ್ತಿದ್ದವನು ಆ ಮಗ. ಬೆನ್ನು ಹತ್ತಿದ ಮೂಳೆ ಮುರುಕ, ತನ್ನ ದೇಹವನ್ನು ವಾಪಸು ಕೇಳುತ್ತಿರುವ ಅಸಲಿ ನೋಲನ್. ದೆವ್ವ ಯಾರು, ಮನುಷ್ಯ ಯಾರು ಅನ್ನುವುದನ್ನು ಹೀಗೆ ತಿರುಗಿಸಿದ್ದು ನನಗೆ ಬಹಳ ಹಿಡಿಸಿತು, ಅದಕ್ಕೊಂದು ಚಪ್ಪಾಳೆ.

ಆದರೆ ಮಿದುಳು ಸತ್ತವನನ್ನು ಎಬ್ಬಿಸಿ ಮನೆಗೆ ಕಳಿಸಿದ್ದು ದೊಡ್ಡ ತೂತು. ಬ್ರೈನ್ ಡೆತ್ ಅಂದರೆ ಕೋಮಾ ಅಲ್ಲ, ಅದರಿಂದ ವಾಪಸು ಬರುವುದು ಅನ್ನುವುದಿಲ್ಲ. 2021ರಲ್ಲಿ ನಟ ಸಂಚಾರಿ ವಿಜಯ್ ಹೋದಾಗ ನಮ್ಮಲ್ಲಿ ಎಷ್ಟೋ ಜನಕ್ಕೆ ಈ ವ್ಯತ್ಯಾಸ ಗೊತ್ತಾಯಿತು. ಎದೆ ಬಡಿಯುತ್ತಿದ್ದರೂ ಮನುಷ್ಯ ಇಲ್ಲ ಅಂತ ಒಪ್ಪಿಕೊಂಡು ಆ ಕುಟುಂಬ ಅಂಗಾಂಗ ದಾನ ಮಾಡಿತು. ನಮ್ಮ 1994ರ ಅಂಗಾಂಗ ಕಸಿ ಕಾನೂನಿನ ಪ್ರಕಾರ ನಾಲ್ವರು ವೈದ್ಯರ ತಂಡ, ಕನಿಷ್ಠ ಆರು ಗಂಟೆ ಬಿಟ್ಟು ಎರಡು ಸಲ ಪರೀಕ್ಷೆ ಮಾಡಿಯೇ ಹೇಳಬೇಕು. ಮಿದುಳು ಸತ್ತವನು ಎದ್ದು ಕೂತ ಅಂದರೆ ಇಡೀ ಆಸ್ಪತ್ರೆಯೇ ಬಂದು ಸುತ್ತ ನಿಲ್ಲಬೇಕಿತ್ತು, ಪೇಪರಿನವರು ಬಾಗಿಲಲ್ಲಿ ಇರಬೇಕಿತ್ತು. ಇಲ್ಲಿ ‘ಏನೋ ಪವಾಡ’ ಅಂತ ಡಿಸ್ಚಾರ್ಜ್ ಮಾಡಿ ಕಳಿಸುತ್ತಾರೆ!

ತೂತನ್ನು ಬಿಡೋಣ, ಕಥೆಗೆ ಬೇಕಿತ್ತು. ನನ್ನ ನಿಜವಾದ ತಕರಾರು ಬೇರೆ. ಈ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿದ್ದು ಯಾರು? ತಾನು ಯಾರು ಅಂತಲೇ ಗೊತ್ತಿಲ್ಲದವನು ‘ಆಗಲಿ ಡಾಕ್ಟರ್’ ಅಂದರೆ ಅದು ಒಪ್ಪಿಗೆಯಾ? ನಮ್ಮಲ್ಲಿ 2019ರ ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ, ಸ್ವಂತ ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಇಲ್ಲದವರ ಪರವಾಗಿ ಕಾನೂನು ಒಪ್ಪುವ ಪ್ರತಿನಿಧಿ ಸಹಿ ಹಾಕಬೇಕು. ಹೊಸ ರಾಸಾಯನಿಕದ ಔಷಧಿಯನ್ನು ದುರ್ಬಲ ಸ್ಥಿತಿಯಲ್ಲಿರುವವರ ಮೇಲೆ ಪ್ರಯೋಗಿಸುವಾಗ ಒಪ್ಪಿಗೆ ಪಡೆಯುವುದನ್ನು ವಿಡಿಯೊ ಮಾಡಿ ಇಡಬೇಕು. ಇದೆಲ್ಲ ಸುಮ್ನೆ ಬಂದ ನಿಯಮಗಳಲ್ಲ. ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ಅನ್ನುವ ಲೈಂಗಿಕ ರೋಗ ಇದ್ದ 399 ಕಪ್ಪು ಜನರಿಗೆ ನಿಜ ಹೇಳದೆ, ಅದನ್ನು ವಾಸಿ ಮಾಡುವ ಪೆನ್ಸಿಲಿನ್ ಬಂದ ಮೇಲೂ ಕೊಡದೆ, ಏನಾಗುತ್ತದೆ ಅಂತ ಸರ್ಕಾರಿ ವೈದ್ಯರು ಸುಮ್ಮನೆ ನೋಡುತ್ತಾ ಕೂತರು. ಈ ಚಿತ್ರದಲ್ಲಿ ರೋಗಿಯೂ ಕಪ್ಪು ಮನುಷ್ಯ, ಡಾಕ್ಟರೂ ಕಪ್ಪು ಹೆಂಗಸು. ಅಂಥ ಇತಿಹಾಸ ಇರುವ ದೇಶದಲ್ಲಿ, ತಮ್ಮವರೇ ಅಂತ ನಂಬಿಕೊಂಡು ಹೋದ ಕಡೆಯೇ ಹೀಗಾಯಿತು ಅನ್ನುವುದು ಎಷ್ಟು ದೊಡ್ಡ ವಿಷಯ! ಚಿತ್ರ ಅದರ ಹತ್ತಿರಕ್ಕೂ ಹೋಗುವುದಿಲ್ಲ.

ನೆನಪನ್ನು ಒರೆಸಿ ಹೊಸ ಮನುಷ್ಯನನ್ನು ಬರೆಯುವ ಪ್ರಯೋಗ ಕೂಡ ಬರೀ ಸಿನಿಮಾ ಕಲ್ಪನೆ ಅಲ್ಲ. ಕೆನಡಾದ ಮಾಂಟ್ರಿಯಲ್‌ನ ಆಲನ್ ಮೆಮೋರಿಯಲ್ ಸಂಸ್ಥೆಯಲ್ಲಿ ಡಾಕ್ಟರ್ ಯೂಯನ್ ಕ್ಯಾಮರಾನ್ 1950ರ ದಶಕದಿಂದ ಇದನ್ನು ಮಾಡಿದ್ದರು. ಖಿನ್ನತೆ, ಆತಂಕ ಅಂತ ಬಂದವರನ್ನು ಔಷಧಿ ಕೊಟ್ಟು ದಿನಗಟ್ಟಲೆ, ವಾರಗಟ್ಟಲೆ ಮಲಗಿಸುವುದು, ಮತ್ತೆ ಮತ್ತೆ ವಿದ್ಯುತ್ ಶಾಕ್ ಕೊಡುವುದು, ಒಂದೇ ವಾಕ್ಯವನ್ನು ಟೇಪಿನಲ್ಲಿ ಕಿವಿಗೆ ಸಾವಿರಾರು ಸಲ ಹಾಕುವುದು. 1957ರಿಂದ ಇದಕ್ಕೆ ಅಮೆರಿಕದ ಗೂಢಚಾರ ಸಂಸ್ಥೆ ಸಿಐಎಯ ದುಡ್ಡೂ ಬಂತು. ಎಷ್ಟೋ ಜನ ತಮ್ಮ ಮನೆಯವರ ಗುರುತೇ ಸಿಗದ ಸ್ಥಿತಿಯಲ್ಲಿ ಮನೆಗೆ ಹೋದರು. ಕೊನೆಗೆ 1992ರಲ್ಲಿ ಕೆನಡಾ ಸರ್ಕಾರ 77 ಜನರಿಗೆ ತಲಾ ಒಂದು ಲಕ್ಷ ಡಾಲರ್ ಕೊಟ್ಟಿತು. ಇನ್ನೊಂದು ವಿಷಯ ಕೇಳಿ, ಇದೇ ಕ್ಯಾಮರಾನ್ 1945ರಲ್ಲಿ, ನಾಜಿಗಳ ವಿಚಾರಣೆ ನಡೆದ ಜರ್ಮನಿಯ ನ್ಯೂರೆಂಬರ್ಗ್‌ಗೆ ಹೋಗಿ ನಾಜಿ ನಾಯಕ ರುಡಾಲ್ಫ್ ಹೆಸ್‌ನ ಮನಸ್ಥಿತಿ ಪರೀಕ್ಷೆ ಮಾಡಿದ ವೈದ್ಯರಲ್ಲಿ ಒಬ್ಬರು. ರೋಗಿಯ ಒಪ್ಪಿಗೆ ಇಲ್ಲದೆ ಪ್ರಯೋಗ ಮಾಡಬಾರದು ಅನ್ನುವ ಸಂಹಿತೆ 1947ರಲ್ಲಿ ಬಂದಿದ್ದೂ ಅದೇ ಊರಿನ ವಿಚಾರಣೆಗಳಿಂದ.

ಇದನ್ನೆಲ್ಲ ಇಟ್ಟುಕೊಂಡು ನೋಡಿದರೆ ಡಾಕ್ಟರ್ ಬ್ರೂಕ್ಸ್ ಎಂಥ ಪಾತ್ರ ಆಗಬಹುದಿತ್ತು! ರಶಾದ್ ಅಂತೂ ಪಾತ್ರಕ್ಕೆ ಸಿಕ್ಕಿದ್ದಕ್ಕಿಂತ ಜಾಸ್ತಿ ಕೊಟ್ಟಿದ್ದಾರೆ. ಮಗ ಹೆಂಡತಿಗೆ ಹೊಡೆಯುತ್ತಿದ್ದ ಅನ್ನುವುದನ್ನು ಆ ತಾಯಿ ಹೇಗೆ ಪಕ್ಕಕ್ಕೆ ತಳ್ಳುತ್ತಾಳೆ ನೋಡಿ, ನಮ್ಮ ಸುತ್ತಮುತ್ತ ‘ನನ್ನ ಮಗ ಅಂಥವನಲ್ಲ’ ಅನ್ನುವ ತಾಯಂದಿರು ನೆನಪಾಗುತ್ತಾರೆ. ಆದರೆ ಚಿತ್ರಕಥೆ ಇದೆಲ್ಲವನ್ನೂ ‘ಪಾಪ, ಮಗನನ್ನು ಕಳೆದುಕೊಂಡ ತಾಯಿ’ ಅನ್ನುವ ಒಂದೇ ಸಾಲಿನಲ್ಲಿ ಮುಗಿಸುತ್ತದೆ. ಇನ್ನೊಬ್ಬರ ದೇಹ ಕದ್ದಿದ್ದಕ್ಕೆ ಅವರು ಯಾರಿಗೂ ಉತ್ತರ ಕೊಡಬೇಕಾಗಿಲ್ಲ. ಪೊಲೀಸ್ ಇಲ್ಲ, ವಿಚಾರಣೆ ಇಲ್ಲ, ಆಸ್ಪತ್ರೆಯ ಒಬ್ಬ ಅಧಿಕಾರಿಯೂ ಬಂದು ‘ಏನಮ್ಮಾ ಇದು’ ಅಂತ ಕೇಳುವುದಿಲ್ಲ. ಥಾಮಸ್‌ನ ಹೆಂಡತಿ ಮಿರಾಂಡಾಗೂ ಅನ್ಯಾಯವೇ. ಸತ್ತ ಗಂಡ ಬೇರೆ ಮುಖ ಹಾಕಿಕೊಂಡು ಬಾಗಿಲಿಗೆ ಬಂದು ನಿಲ್ಲುವುದು ಇಡೀ ಚಿತ್ರದ ಅತಿ ಭಯಾನಕ ಸನ್ನಿವೇಶ ಆಗಬೇಕಿತ್ತು, ಅದನ್ನು ಬೇಗ ಬೇಗ ಮುಗಿಸಿ ಮತ್ತೆ ಮಿದುಳೊಳಗಿನ ಕುಸ್ತಿಗೆ ಓಡುತ್ತಾರೆ. ಆ ಕುಸ್ತಿ ಬೋರು.

ಗುಟ್ಟು ಮುಗಿಯಿತು, ಹಾರಿದವರು ಇಲ್ಲಿಂದ ಓದಿ. ಐದಕ್ಕೆ ಮೂರು ಕೊಡುತ್ತೇನೆ, ಅದರಲ್ಲಿ ಎರಡೂವರೆ ಅಪ್ಪ ಮಗಳಿಗೆ ಮತ್ತು ರಶಾದ್‌ಗೆ. ಕ್ಯಾಮೆರಾ, ಸಂಗೀತ ಎಲ್ಲ ಸಾಧಾರಣ, ನೆನಪಿನ ಒಳಗಿನ ದೃಶ್ಯಗಳು ಕತ್ತಲು ಜಾಸ್ತಿ. ಹಗಲಲ್ಲಿ ಮೊಬೈಲಿನಲ್ಲಿ ನೋಡಿದರೆ ನಿಮ್ಮ ಮುಖವೇ ಕಾಣುತ್ತದೆ, ರಾತ್ರಿ ಟಿವಿಯಲ್ಲೇ ನೋಡಿ. ಇಂಗ್ಲಿಷ್ ಉಚ್ಚಾರಣೆ ಕಷ್ಟ ಇಲ್ಲ, ಸಬ್‌ಟೈಟಲ್ ಹಾಕಿಕೊಂಡರೆ ಆರಾಮ. ರಕ್ತ ಕಡಿಮೆ, ಆದರೆ ಹೆಂಡತಿಗೆ ಹೊಡೆಯುವ ವಿಷಯ ಇದೆ, ಮೂಳೆ ಮುರಿಯುವ ಸದ್ದು ಇದೆ, ಹಾಗಾಗಿ ಚಿಕ್ಕ ಮಕ್ಕಳ ಜೊತೆ ಬೇಡ. ಥ್ರಿಲ್ಲರ್ ಅಂದರೆ ಕೊನೆಯ ಹತ್ತು ನಿಮಿಷದಲ್ಲಿ ತಲೆ ಗಿರ್ ಅನ್ನಬೇಕು ಅನ್ನುವವರಿಗೆ ಇದು ಅಷ್ಟಕ್ಕಷ್ಟೇ, ಯಾಕೆಂದರೆ ಗುಟ್ಟು ಸ್ವಲ್ಪ ಮುಂಚೆಯೇ ಊಹೆಗೆ ಸಿಗುತ್ತದೆ.

ಇದೇ ಸರಣಿಯಲ್ಲಿ ‘ಈವಿಲ್ ಐ’ ಅಂತ ಇನ್ನೊಂದಿದೆ, ಒಂದು ವಾರದ ನಂತರ ಬಂದದ್ದು. ಅದರಲ್ಲಿ ಭಾರತೀಯ ತಾಯಿ, ಅಮೆರಿಕದಲ್ಲಿರುವ ಮಗಳು, ಅವಳ ಮದುವೆಯ ಚಿಂತೆ, ಜಾತಕ, ದೃಷ್ಟಿ ಎಲ್ಲ ಬರುತ್ತದೆ. ನಮಗೆ ಹತ್ತಿರದ ಕಥೆ ಅಂತ ಅದನ್ನು ಮೊದಲು ಹಾಕಿಕೊಳ್ಳಬೇಡಿ. ಎರಡರಲ್ಲಿ ಒಂದೇ ನೋಡುವಷ್ಟು ಸಮಯ ಇದ್ದರೆ ಇದನ್ನೇ ನೋಡಿ.